ಆಸ್ಪತ್ರೆಯ ಎಚ್‌ಟಿ ಎಲೆಕ್ಟ್ರಿಷಿಯನ್ ಕೆಲಸ: ಮಂಗಳೂರು ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರನ್ನು ನಾನು ಮೊದಲ ದಿನ ಎಚ್‌ಟಿ (ಹೈ ಟೆನ್ಷನ್, ಅಂದರೆ ಹೆಚ್ಚಿನ ವೋಲ್ಟೇಜಿನ) ರೂಮಿಗೆ ಕರೆದುಕೊಂಡು ಹೋಗುವುದಿಲ್ಲ. ಐಸಿಯು, ಡಯಾಲಿಸಿಸ್, ಬ್ಲಡ್ ಬ್ಯಾಂಕ್ ತೋರಿಸಿ, ಕೊನೆಗೆ ಎನ್‌ಐಸಿಯು ಗಾಜಿನ ಎದುರು ನಿಲ್ಲಿಸುತ್ತೇನೆ. ಒಳಗೆ ವಾರ್ಮರ್ ಕೆಳಗೆ ಅಂಗೈಗಿಂತ ಸ್ವಲ್ಪವೇ ದೊಡ್ಡ ಮಗು ಮಲಗಿರುತ್ತದೆ. "ಇದಕ್ಕೆ ಕರೆಂಟ್ ಎಲ್ಲಿಂದ ಬರ್ತದೆ, ಹೇಳು" ಅಂತ ಕೇಳುತ್ತೇನೆ. ಆ ಪ್ಲಗ್ಗಿನಿಂದ ಹಿಂದಕ್ಕೆ ನಡೆಯಲು ಶುರು ಮಾಡುತ್ತೇವೆ. ಯುಪಿಎಸ್, ಫ್ಲೋರ್ ಪ್ಯಾನೆಲ್, ಮೇನ್ ಎಲ್‌ಟಿ (ಕಡಿಮೆ ವೋಲ್ಟೇಜಿನ) ಪ್ಯಾನೆಲ್, ಟ್ರಾನ್ಸ್‌ಫಾರ್ಮರ್, ಎಲ್ಲಾ ದಾಟಿ 11 ಕೆವಿ (11,000 ವೋಲ್ಟ್) ಬ್ರೇಕರ್ ಮುಂದೆ ಬಂದು ನಿಲ್ಲುವಾಗ ಅರ್ಧ ದಿನ ಆಗಿರುತ್ತದೆ.

ಫ್ಯಾಕ್ಟರಿಯಲ್ಲೂ 11 ಕೆವಿ ಇದೆ, ಮಾಲ್‌ನಲ್ಲೂ ಇದೆ. ಬ್ರೇಕರ್ ಅದೇ, ಟ್ರಾನ್ಸ್‌ಫಾರ್ಮರ್ ಅದೇ. ಆದರೆ ಅಲ್ಲಿ ಮೇನ್ ಆಫ್ ಮಾಡಿದರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಇಲ್ಲಿ ಬ್ರೇಕರಿನ ಆಚೆ ತುದಿಯಲ್ಲಿ ಒಬ್ಬರು ಮಲಗಿರುತ್ತಾರೆ. ಅದಕ್ಕೇ ಆಸ್ಪತ್ರೆಯ ಎಚ್‌ಟಿ ಕೆಲಸದ ಮುಕ್ಕಾಲು ಭಾಗ ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕು. ಈ ಬರಹದಲ್ಲೂ ಆ ಭಾಗವೇ ಜಾಸ್ತಿ ಇದೆ.

ಮೊದಲು ಕಾಗದ ಪತ್ರ

ಐಟಿಐನಲ್ಲಿ 2 ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್, ಇಲ್ಲವೇ ಎಲೆಕ್ಟ್ರಿಕಲ್‌ನಲ್ಲಿ 3 ವರ್ಷದ ಡಿಪ್ಲೊಮಾ. ಮಂಗಳೂರಿನಲ್ಲಿ ಕದ್ರಿ ಗುಡ್ಡೆಯ ಸರಕಾರಿ ಐಟಿಐ ಮತ್ತು ಅಲ್ಲೇ ಇರುವ ಕೆಪಿಟಿ ಪಾಲಿಟೆಕ್ನಿಕ್‌ನಲ್ಲಿ ಕಲಿತವರು ಈ ಲೈನಿನಲ್ಲಿ ಬಹಳ ಮಂದಿ ಸಿಗುತ್ತಾರೆ. ಕಲಿತ ಮೇಲೆ ಅಪ್ರೆಂಟಿಸ್ ಮುಗಿಸಿ. ಆಮೇಲೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮ್ಯಾನ್ ಪರ್ಮಿಟ್, ಅನುಭವ ಆದ ಮೇಲೆ ಸೂಪರ್‌ವೈಸರ್ ಪರ್ಮಿಟ್ ತೆಗೆದುಕೊಳ್ಳಿ.

ಪರ್ಮಿಟ್ ಇದ್ದ ಮಾತ್ರಕ್ಕೆ ಎಚ್‌ಟಿ ಪ್ಯಾನೆಲ್ ಮುಟ್ಟಬಹುದು ಅಂತ ಅಲ್ಲ. ಆ ಆಸ್ಪತ್ರೆಯ ಎಚ್‌ಟಿ ಉಪಕರಣ ನಡೆಸಲು ನಿಮ್ಮ ಹೆಸರು ಹಾಕಿ ಬರಹದಲ್ಲಿ ಅಧಿಕಾರ ಕೊಟ್ಟಿರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದು ಇದೆ. ಸೇರಿದ ದಿನವೇ ಆ ಪತ್ರ ಕೇಳಿ ಪಡೆಯಿರಿ. "ಅದೆಲ್ಲ ಆಮೇಲೆ ಮಾಡುವ" ಅಂದರೆ, ಪತ್ರ ಬರುವ ತನಕ ಬ್ರೇಕರ್ ಹ್ಯಾಂಡಲ್ ಹಿಡಿಯಬೇಡಿ.

ಲೈನ್ ಡಯಾಗ್ರಾಂ ನೀವೇ ಬರೆಯಿರಿ

ನಮ್ಮ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಸಾಮಾನ್ಯವಾಗಿ ಮೆಸ್ಕಾಂನ 11 ಕೆವಿ ಬರುತ್ತದೆ. ತೀರಾ ದೊಡ್ಡ ಲೋಡ್ ಇದ್ದರೆ 33 ಕೆವಿ. ಮೆಸ್ಕಾಂ ಕೇಬಲ್ ಮೀಟರಿಂಗ್ ಕ್ಯೂಬಿಕಲ್‌ಗೆ, ಅಲ್ಲಿಂದ ನಮ್ಮ ವಿಸಿಬಿಗೆ (ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್, ಎಚ್‌ಟಿ ಬದಿಯ ಮೇನ್ ಬ್ರೇಕರ್), ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ. 1000 ಕೆವಿಎ ಟ್ರಾನ್ಸ್‌ಫಾರ್ಮರ್ ಅಂದರೆ 11 ಕೆವಿ ಬದಿಯಲ್ಲಿ ಫುಲ್ ಲೋಡಿಗೆ ಸುಮಾರು 52 ಆಂಪಿಯರ್, 433 ವೋಲ್ಟ್ ಬದಿಯಲ್ಲಿ ಸುಮಾರು 1333 ಆಂಪಿಯರ್. ಈ 2 ಸಂಖ್ಯೆ ತಲೆಯಲ್ಲಿರಲಿ. ಮೀಟರ್ ನೋಡಿದ ಕೂಡಲೇ ಲೋಡ್ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಆಫೀಸಿನಲ್ಲಿ ಫ್ರೇಮ್ ಹಾಕಿಟ್ಟ ಡಯಾಗ್ರಾಂ ಇರುತ್ತದೆ. ಅದನ್ನು ನೋಡಿ, ಆದರೆ ಅದನ್ನೇ ನಂಬಬೇಡಿ. ಆಸ್ಪತ್ರೆ ಒಂದೇ ಸಲ ಕಟ್ಟಿ ಮುಗಿಸುವ ಕಟ್ಟಡ ಅಲ್ಲ. ಬ್ಲಾಕ್ ಪಕ್ಕ ಬ್ಲಾಕ್ ಸೇರುತ್ತದೆ, ವಾರ್ಡ್ ಇದ್ದಲ್ಲಿ ಒಟಿ ಆಗುತ್ತದೆ, ಸ್ಟೋರ್ ಇದ್ದಲ್ಲಿ ಸ್ಕ್ಯಾನಿಂಗ್ ಬರುತ್ತದೆ. ಡಯಾಗ್ರಾಂ ಮಾತ್ರ ಹಳೆಯದೇ ಗೋಡೆಯಲ್ಲಿ ಉಳಿದಿರುತ್ತದೆ.

ಇದು ನನಗೆ ಗೊತ್ತಾದದ್ದು ಕೆಟ್ಟ ರೀತಿಯಲ್ಲಿ. ವರ್ಷಗಳ ಹಿಂದೆ, ಬೇರೊಂದು ಕಡೆ ಕೆಲಸದಲ್ಲಿದ್ದಾಗ, 'ಲಾಂಡ್ರಿ' ಅಂತ ಬರೆದಿದ್ದ ಫೀಡರ್ (ಪ್ಯಾನೆಲ್‌ನಿಂದ ಒಂದು ಕಡೆಗೆ ಕರೆಂಟ್ ಒಯ್ಯುವ ಲೈನ್) ಆಫ್ ಮಾಡಿದೆ. ಅರ್ಧ ನಿಮಿಷದಲ್ಲಿ ಎರಡನೇ ಮಹಡಿಯಿಂದ ಫೋನು. "ಅಣ್ಣ, ರಿಕವರಿಯಲ್ಲಿ ಕರೆಂಟ್ ಹೋಗಿದೆ, ಮಾನಿಟರ್ ಎಲ್ಲಾ ಬ್ಯಾಟರಿಯಲ್ಲಿ ಓಡ್ತಾ ಉಂಟು." ಯಾವಾಗಲೋ ರಿಪೇರಿ ಮಾಡುವಾಗ ಒಂದು ಕೇಬಲನ್ನು ಲಾಂಡ್ರಿ ಫೀಡರಿಗೆ ಸೇರಿಸಿದ್ದರು, ಯಾರೂ ಬರೆದಿಟ್ಟಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಫೋನ್ ಇಳಿಸುವಾಗ ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ.

ಅಂದಿನಿಂದ ನಾನು ಫೀಡರ್ ಗುರುತಿಸುವುದು ಹೀಗೆ. ಒಬ್ಬ ಪ್ಯಾನೆಲ್ ಹತ್ತಿರ ಕ್ಲ್ಯಾಂಪ್ ಮೀಟರ್ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ 2000 ವ್ಯಾಟ್‌ನ ಕೆಟಲ್ ಹಿಡಿದು ರೂಮಿಗೆ ಹೋಗುತ್ತಾನೆ. ಸಿಸ್ಟರ್ ಒಪ್ಪಿದ ಸಾಕೆಟ್‌ನಲ್ಲಿ, ರೋಗಿಯ ಉಪಕರಣ ಇಲ್ಲದ ಕಡೆ, ನೀರು ಕಾಯಿಸಲು ಇಡುತ್ತಾನೆ. ಪ್ಯಾನೆಲ್‌ನಲ್ಲಿ ಒಂದು ಫೇಸ್ 8-9 ಆಂಪಿಯರ್ ಏರಬೇಕು. ಆಫ್ ಮಾಡಿದಾಗ ಇಳಿಯಬೇಕು. ಮೂರು ಸಲ ಆನ್, ಮೂರು ಸಲ ಆಫ್. ಯುಪಿಎಸ್ ಸಾಕೆಟ್‌ನಲ್ಲಿ ಇದನ್ನು ಮಾಡಬಾರದು. ಹೀಗೆ ಒಂದು ಬ್ಲಾಕ್ ಮುಗಿಸಲು ವಾರ ಹಿಡಿಯುತ್ತದೆ. ಹಿಡಿಯಲಿ.

ಹಾಗೆಯೇ ಒಟಿ ಮತ್ತು ಐಸಿಯುಗಳಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮತ್ತು ಇನ್ಸುಲೇಷನ್ ಮಾನಿಟರ್ ಎಲ್ಲೆಲ್ಲಿವೆ ಅಂತ ಗುರುತಿಸಿ. ಅಲ್ಲಿ ಮೊದಲ ಅರ್ಥ್ ಫಾಲ್ಟ್ (ಕರೆಂಟ್ ಭೂಮಿಗೆ ಸೋರುವುದು) ಆದಾಗ ಕರೆಂಟ್ ಟ್ರಿಪ್ ಆಗುವುದಿಲ್ಲ, ಆಪರೇಷನ್ ನಡುವೆ ನಿಲ್ಲಬಾರದು ಅಂತಲೇ ಹಾಗೆ ಮಾಡಿರುವುದು. ಬದಲಿಗೆ ಇನ್ಸುಲೇಷನ್ 50 ಕಿಲೋ ಓಮ್‌ಗೆ ಇಳಿಯುವುದರೊಳಗೆ ಅಲಾರಂ ಬರಬೇಕು. ಆ ಅಲಾರಂನ ಸೌಂಡ್ ಮಾತ್ರ ನಿಲ್ಲಿಸಿ ಹೋಗುವವರಿದ್ದಾರೆ. ಅದು ತಪ್ಪು. ಎರಡನೇ ಫಾಲ್ಟ್ ಬರುವುದರೊಳಗೆ ಮೊದಲನೆಯದನ್ನು ಹುಡುಕಬೇಕು.

ಮೈಮೇಲೆ, ಕೈಯಲ್ಲಿ

ಹತ್ತಿ ಬಟ್ಟೆ, ಉದ್ದ ತೋಳು. ನೈಲಾನ್, ಪಾಲಿಯೆಸ್ಟರ್ ಬೇಡ, ಫ್ಲ್ಯಾಶ್ ಆದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಳ್ಳಿ ಕಡಗ, ಉಂಗುರ, ಕುತ್ತಿಗೆಯ ಸರ ತೆಗೆದಿಡಿ. ದೈವದ ಹರಕೆಯ ಕಡಗ ಅಂತ ಬಿಚ್ಚಲು ಹಿಂಜರಿಯುವವರಿಗೆ ನಾನು ಹೇಳುವುದು, ಬಿಚ್ಚಿ ಜೇಬಿನಲ್ಲಿ ಅಲ್ಲ, ಲಾಕರಿನಲ್ಲಿಡಿ, ಕೆಲಸ ಮುಗಿದ ಮೇಲೆ ಕೈಮುಗಿದು ಹಾಕಿಕೊಳ್ಳಿ. ಮೊಬೈಲೂ ಅಲ್ಲೇ ಇರಲಿ.

11 ಕೆವಿಗೆ ಕ್ಲಾಸ್ 2 ರಬ್ಬರ್ ಗ್ಲೌಸ್ ಬೇಕು. ಪ್ರತಿ ಸಲ ಹಾಕುವ ಮೊದಲು ಮಣಿಕಟ್ಟಿನ ಕಡೆಯಿಂದ ಬಿಗಿಯಾಗಿ ಸುತ್ತುತ್ತಾ ಬನ್ನಿ. ಬೆರಳುಗಳು ಬಲೂನಿನ ಹಾಗೆ ಉಬ್ಬಬೇಕು. ಕೆನ್ನೆಯ ಹತ್ತಿರ ಹಿಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ತಾಗುತ್ತದೆ. ತಾಗಿದರೆ ಆ ಜೋಡಿಯನ್ನು ಅಲ್ಲೇ ಕತ್ತರಿಸಿ ಬಿಸಾಡಿ, ಇಟ್ಟರೆ ಇನ್ಯಾರೋ ಹಾಕುತ್ತಾರೆ. ಪ್ಯಾನೆಲ್ ಮುಂದಿನ ರಬ್ಬರ್ ಮ್ಯಾಟ್ ಮೇಲೆ ಐಎಸ್ 15652 ಅಂತ ಇದೆಯಾ ನೋಡಿ. ಅಂಗಡಿಯ ಸಾದಾ ಕಪ್ಪು ಮ್ಯಾಟ್ ನಿಮ್ಮನ್ನು ಕಾಯುವುದಿಲ್ಲ.

ಶಟ್‌ಡೌನ್ ತೆಗೆದುಕೊಳ್ಳುವುದು

ಇಡೀ ಕೆಲಸದ ಹೃದಯ ಇದು. ಟ್ರಾನ್ಸ್‌ಫಾರ್ಮರ್ ಸರ್ವಿಸ್‌ಗೆ ವಿಸಿಬಿ ಆಫ್ ಮಾಡಬೇಕು ಅಂದುಕೊಳ್ಳಿ.

ಒಂದು ವಾರ ಮೊದಲೇ ಶುರು ಮಾಡಿ. ಮೇಲ್‌ನಲ್ಲಿ ಸರ್ಕ್ಯುಲರ್ ಕಳಿಸಿ ಕೂರಬೇಡಿ, ಕಾಲಲ್ಲಿ ನಡೆದು ಹೋಗಿ. ಒಟಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಆ ದಿನದ ಲಿಸ್ಟ್ ಕೇಳಿ. ಡಯಾಲಿಸಿಸ್ ಒಂದು ಪಾಳಿ ಸುಮಾರು 4 ಗಂಟೆ ಹಿಡಿಯುತ್ತದೆ, ಹಾಗಾಗಿ ಎರಡು ಪಾಳಿಯ ನಡುವಿನ ಬಿಡುವು ಹಿಡಿಯಿರಿ. ಬ್ಲಡ್ ಬ್ಯಾಂಕಿನ ಫ್ರಿಜ್ 2ರಿಂದ 6 ಡಿಗ್ರಿಯೊಳಗೇ ಇರಬೇಕು. ಎಂಆರ್‌ಐ ಬಳಕೆಯಲ್ಲಿ ಇಲ್ಲದಿದ್ದರೂ ಅದರ ಚಿಲ್ಲರ್ ಓಡುತ್ತಿರಬೇಕು, ಅದು ಹೆಚ್ಚು ಹೊತ್ತು ನಿಂತರೆ ಒಳಗಿನ ಹೀಲಿಯಂ ಆವಿಯಾಗಲು ಶುರುವಾಗುತ್ತದೆ. ಆಕ್ಸಿಜನ್ ಪ್ಲಾಂಟ್, ವ್ಯಾಕ್ಯೂಮ್ ಪಂಪ್, ಲಿಫ್ಟ್, ಪ್ರತಿಯೊಂದೂ ಯಾವ ಜನರೇಟರ್ ಮೇಲೆ ಬರುತ್ತದೆ ಅಂತ ಹೆಸರು ಬರೆದುಕೊಳ್ಳಿ. ಭಾನುವಾರ ಬೆಳಗ್ಗೆ ಬೇಗ ಒಳ್ಳೆಯ ಹೊತ್ತು.

ಸಿಸ್ಟರ್ ಹತ್ತಿರ ಮಾತಾಡುವಾಗ "ಫೀಡರ್ 3 ಆಫ್" ಅಂತ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ಸಿಸ್ಟರ್, ಭಾನುವಾರ 6 ಗಂಟೆಗೆ ಒಂದು ಸಲ ಲೈಟ್ ಹೋಗಿ ಬರ್ತದೆ. ಕೆಂಪು ಸಾಕೆಟ್‌ನದ್ದು ಹೋಗುವುದಿಲ್ಲ, ಬಿಳಿ ಸಾಕೆಟ್‌ನದ್ದು ಹೋಗ್ತದೆ. ವೆಂಟಿಲೇಟರ್ ಎಲ್ಲಾ ಕೆಂಪಲ್ಲೇ ಉಂಟಾ ಒಮ್ಮೆ ನೋಡುವ?" ಇಬ್ಬರೂ ಸೇರಿ ಬೆಡ್ ಬೆಡ್ ನೋಡಿ. ನಿಮ್ಮ ಆಸ್ಪತ್ರೆಯಲ್ಲಿ ಯುಪಿಎಸ್ ಸಾಕೆಟ್‌ಗೆ ಯಾವ ಬಣ್ಣವೋ ಅದನ್ನೇ ಹೇಳಿ.

ಆ ದಿನದ ಕ್ರಮ ಹೀಗಿರಲಿ.

1. ಜನರೇಟರ್ ಮೊದಲೇ ಸ್ಟಾರ್ಟ್ ಮಾಡಿ, ಲೋಡನ್ನು ಕಂತು ಕಂತಾಗಿ ಅದಕ್ಕೆ ದಾಟಿಸಿ. 15 ನಿಮಿಷವಾದರೂ ಸ್ಥಿರವಾಗಿ ಓಡಲಿ. ಎಣ್ಣೆ ಒತ್ತಡ, ಬಿಸಿ, ಫ್ರೀಕ್ವೆನ್ಸಿ ಬರೆದುಕೊಳ್ಳಿ.

2. ಎಲ್‌ಟಿ ಬದಿಯ ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್) ಮೊದಲು ಆಫ್, ಆಮೇಲೆ ಎಚ್‌ಟಿ ವಿಸಿಬಿ. ಲೋಡ್ ಇಳಿಸಿದ ಮೇಲೆಯೇ ಎಚ್‌ಟಿಗೆ ಕೈ ಹಾಕುವುದು.

3. ವಿಸಿಬಿ ಆಫ್ ಆದದ್ದಕ್ಕೆ ಪ್ಯಾನೆಲ್‌ನ ಹಸಿರು ಲೈಟ್ ಸಾಕ್ಷಿಯಲ್ಲ. ಬ್ರೇಕರಿನ ಮೇಲಿನ ಮೆಕ್ಯಾನಿಕಲ್ ಸೂಚಕ ನೋಡಿ, ಮೂರೂ ಆಂಪಿಯರ್ ಸೊನ್ನೆಯಾ ನೋಡಿ. ನಂತರ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸುತ್ತಾ ಬ್ರೇಕರ್ ಕೂತ ಟ್ರಾಲಿಯನ್ನು ಸಂಪರ್ಕದಿಂದ ಹೊರಗೆಳೆಯಿರಿ, ಅಂದರೆ ರ‍್ಯಾಕ್ ಔಟ್ ಮಾಡಿ. ಒಂದು ಹಂತದಲ್ಲಿ ಹ್ಯಾಂಡಲ್ ಹಗುರವಾಗುತ್ತದೆ, ಒಳಗೆ ಶಟರ್ ಬೀಳುವ ಟಪ್ ಅನ್ನುವ ಸದ್ದು ಕೇಳುತ್ತದೆ. ಆ ಸದ್ದು ಬರಲಿಲ್ಲ ಅಂದರೆ ನಿಲ್ಲಿಸಿ, ಬಲ ಹಾಕಬೇಡಿ.

4. ಬೀಗ ಹಾಕಿ. ಕೀ ಕೆಲಸ ಮಾಡುವವನ ಜೇಬಿನಲ್ಲಿ. ಟ್ಯಾಗ್ ಮೇಲೆ ಹೆಸರು, ಹೊತ್ತು, ಕಾರಣ. ನಾಲ್ವರು ಕೆಲಸ ಮಾಡುವುದಾದರೆ ನಾಲ್ಕು ಬೀಗ.

5. ವೋಲ್ಟೇಜ್ ಡಿಟೆಕ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ, ಇಲ್ಲವೇ ಅದರ ಟೆಸ್ಟರ್ ಮೇಲೆ ಹಿಡಿದು ನೋಡಿ. ನಂತರ ಕೆಲಸದ ಜಾಗದಲ್ಲಿ ಮೂರೂ ಫೇಸ್. ನಂತರ ಮತ್ತೆ ಮೊದಲಿನ ಕಡೆ. ಮಧ್ಯದಲ್ಲಿ ಡಿಟೆಕ್ಟರ್ ಕೆಟ್ಟಿದ್ದರೆ ಮೂರನೇ ಸಲಕ್ಕೆ ಗೊತ್ತಾಗುತ್ತದೆ.

6. ಅರ್ಥಿಂಗ್. ಡಿಸ್ಚಾರ್ಜ್ ರಾಡ್‌ನ ಕ್ಲಿಪ್ಪನ್ನು ಮೊದಲು ಭೂಮಿಗೆ ಬಿಗಿಯಿರಿ, ಆಮೇಲೆ ರಾಡನ್ನು ಫೇಸ್‌ಗೆ ತಾಗಿಸಿ. ತೆಗೆಯುವಾಗ ಫೇಸ್ ಮೊದಲು, ಭೂಮಿ ಕೊನೆಗೆ. ಎಕ್ಸ್‌ಎಲ್‌ಪಿಇ ಕೇಬಲ್ ಸಪ್ಲೈ ಹೋದ ಮೇಲೂ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ, ಕೆಪಾಸಿಟರ್ ಬ್ಯಾಂಕೂ ಹಾಗೆಯೇ. ಟ್ರಾನ್ಸ್‌ಫಾರ್ಮರಿನ ಎರಡೂ ಬದಿ ಅರ್ಥ್ ಮಾಡಿ.

ಮೀಟರಿಂಗ್ ಕ್ಯೂಬಿಕಲ್ ಮತ್ತು ಅದರ ಹಿಂದಿನ ಕೇಬಲ್ ನಮ್ಮದಲ್ಲ. ಅಲ್ಲಿ ಏನೇ ಕೆಲಸ ಇದ್ದರೂ ಮೆಸ್ಕಾಂನಿಂದ ಲೈನ್ ಕ್ಲಿಯರ್ (ಎಲ್‌ಸಿ, ಲೈನ್ ಆಫ್ ಮಾಡಿದ್ದೇವೆ ಅನ್ನುವ ಅನುಮತಿ) ಬೇಕು. ಅದೂ ಬರಹದಲ್ಲಿ. "ಲೈನ್‌ಮ್ಯಾನ್ ಪರಿಚಯದವರು, ಫೋನಲ್ಲಿ ಹೇಳಿದ್ದಾರೆ" ಅನ್ನುವ ಮಾತಿಗೆ ಕೇಬಲ್ ಬಾಕ್ಸ್ ತೆರೆಯಬೇಡಿ. ನಿಮ್ಮ ಕೆಲಸ ತಡ ಆದರೆ ಅವರು ಕಾಯಲಿ. ಎಲ್‌ಸಿ ವಾಪಸ್ ಕೊಡುವುದು ತೆಗೆದುಕೊಂಡ ಮನುಷ್ಯನೇ.

ಜನರೇಟರ್ ಹಿಂದಕ್ಕೆ ಹರಿಯದಂತೆ

ಈ ಒಂದು ವಿಷಯಕ್ಕೆ ಬೇರೆ ಜಾಗ ಕೊಡುತ್ತೇನೆ. ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕು ಗೊತ್ತಿಲ್ಲ. 11 ಕೆವಿ ಕೊಟ್ಟರೆ 433 ವೋಲ್ಟ್ ಕೊಡುತ್ತದೆ, 433 ಕೊಟ್ಟರೆ 11 ಕೆವಿ ಮಾಡಿ ಹೊರಗೆ ಕಳಿಸುತ್ತದೆ. ಜನರೇಟರ್ ಓಡುವಾಗ ಮೇನ್ಸ್ ಎಸಿಬಿ ತಪ್ಪಿ ಆನ್ ಆದರೆ, ಲೈನ್ ಸತ್ತಿದೆ ಅಂತ ನಂಬಿ ರಸ್ತೆಯ ಕಂಬ ಹತ್ತಿದ ಪವರ್‌ಮ್ಯಾನ್ ಕೈಗೆ 11 ಕೆವಿ ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಅವರು ರಾತ್ರಿಯಿಡೀ ಕಂಬದ ಮೇಲಿರುವ ದಿನಗಳು ನಮ್ಮಲ್ಲಿ ಕಡಿಮೆಯೇ?

ಆದ್ದರಿಂದ ಮೇನ್ಸ್ ಮತ್ತು ಡಿಜಿ (ಡೀಸೆಲ್ ಜನರೇಟರ್) ಬ್ರೇಕರುಗಳ ನಡುವೆ, ಎರಡೂ ಒಟ್ಟಿಗೆ ಆನ್ ಆಗದಂತೆ, ಎಲೆಕ್ಟ್ರಿಕಲ್ ಇಂಟರ್‌ಲಾಕ್ ಜೊತೆಗೆ ಮೆಕ್ಯಾನಿಕಲ್ ಅಥವಾ ಕೀ ಇಂಟರ್‌ಲಾಕ್ ಕೂಡ ಇರಲಿ. 3 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ಶಟ್‌ಡೌನ್ ದಿನ ಮೇನ್ಸ್ ಎಸಿಬಿಯನ್ನೂ ರ‍್ಯಾಕ್ ಔಟ್ ಮಾಡಿ ಬೀಗ ಹಾಕಿ. ಇಂಟರ್‌ಲಾಕ್ ತೊಂದರೆ ಕೊಡುತ್ತದೆ ಅಂತ ವೈರ್ ಬೈಪಾಸ್ ಮಾಡಿದ್ದು ಕಂಡರೆ ಆ ದಿನವೇ ಸರಿ ಮಾಡಿಸಿ. ಟೆರೇಸಿನ ಸೋಲಾರ್ ಮರೆಯಬೇಡಿ. ಗ್ರಿಡ್ ಹೋದಾಗ ಅದು ನಿಲ್ಲುತ್ತದೆ ನಿಜ, ಆದರೆ ಜನರೇಟರ್ ವೋಲ್ಟೇಜ್ ಕಂಡು ಮತ್ತೆ ಶುರುವಾಗಬಹುದು. ಅದರ ಬ್ರೇಕರನ್ನೂ ಆಫ್ ಮಾಡಿಡಿ.

ಜನರೇಟರ್ ಬಗ್ಗೆ ಇನ್ನೊಂದು ಮಾತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಖಾಲಿ ಓಡಿಸುವುದು ಪರೀಕ್ಷೆಯಲ್ಲ. ಲೋಡ್ ಇಲ್ಲದೆ ಓಡಿದರೆ ಸುಡದ ಡೀಸೆಲ್ ಎಕ್ಸಾಸ್ಟ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಕನಿಷ್ಠ 30 ಶೇಕಡಾ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ಡಿಜಿ ಸ್ಟಾರ್ಟ್ ಆಗದಿರುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಇಂಜಿನ್ ಅಲ್ಲ, ಬ್ಯಾಟರಿ ಮತ್ತು ಅದರ ಟರ್ಮಿನಲ್.

ಕರೆಂಟ್ ವಾಪಸ್ ಕೊಡುವಾಗ

ಟೂಲ್ಸ್ ಎಣಿಸಿ, ಜನ ಎಣಿಸಿ. ಅರ್ಥ್ ತೆಗೆಯಿರಿ. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ, 11 ಕೆವಿ ಬದಿಗೆ 2.5 ಅಥವಾ 5 ಕೆವಿ, ಎಲ್‌ಟಿ ಬದಿಗೆ 500 ವೋಲ್ಟ್. ಹಿಂದಿನ ವರ್ಷದ ರೀಡಿಂಗ್ ಪಕ್ಕದಲ್ಲಿಟ್ಟು ನೋಡಿ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಕಾರಣ ಹುಡುಕಿ. ಎಲ್ಲರೂ ತಮ್ಮ ಬೀಗ ತಾವೇ ತೆಗೆದ ಮೇಲೆ ವಿಸಿಬಿ ಆನ್ ಮಾಡಿ. ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಕೇಳಿ. ಒಂದೇ ಸಮನೆ ಗುಂಯ್ ಅಂದರೆ ಸರಿ, ಒಳಗೆ ಚಟಪಟ ಅಂದರೆ ಆಫ್.

ಕೇಬಲ್ ಬಿಚ್ಚಿ ಕಟ್ಟಿದ್ದರೆ ಫೇಸ್ ಸೀಕ್ವೆನ್ಸ್ ಮೀಟರ್ ಹಾಕದೆ ಎಸಿಬಿ ಆನ್ ಮಾಡಲೇಬೇಡಿ. ಎರಡು ಫೇಸ್ ಅದಲು ಬದಲಾದರೆ ಲೈಟ್ ಎಲ್ಲಾ ಚೆನ್ನಾಗಿಯೇ ಉರಿಯುತ್ತದೆ, ಆದರೆ ವ್ಯಾಕ್ಯೂಮ್ ಪಂಪ್ ಉಲ್ಟಾ ತಿರುಗುತ್ತದೆ, ಲಿಫ್ಟ್ ಸ್ಟ್ರೆಚರ್ ಸಮೇತ ನಿಲ್ಲುತ್ತದೆ. ಎಲ್ಲಾ ಸರಿಯಾದ ಮೇಲೆ ಲೋಡ್ ಕಂತಿನಲ್ಲಿ ವಾಪಸ್, ಜನರೇಟರ್ 3-5 ನಿಮಿಷ ಖಾಲಿ ಓಡಿ ತಣ್ಣಗಾಗಲಿ. ಕೊನೆಗೆ ಪ್ರತಿ ವಾರ್ಡಿಗೆ ಒಂದು ಫೋನ್.

ಮಳೆ, ಉಪ್ಪು, ಮುರಕಲ್ಲು

ಬಯಲುಸೀಮೆಯಲ್ಲಿ ಕಲಿತು ಬಂದವರಿಗೆ ಇಲ್ಲಿ ಹೊಸತು ಅನಿಸುವುದು ಇದು. ನಮ್ಮ ವರ್ಷ ಪತ್ತನಾಜೆಯಿಂದ (ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ವಿಶೇಷ ದಿನ) ಎಣಿಸಬೇಕು. ಮೇ 24-25ರೊಳಗೆ ಎಚ್‌ಟಿ ಸರ್ವಿಸ್ ಮುಗಿದಿರಬೇಕು. ಮರದ ಗೆಲ್ಲು ಕಡಿಸುವುದು, ಕೇಬಲ್ ಟ್ರೆಂಚಿನ ಸಂಪ್ ಪಂಪ್ ನೋಡುವುದು, ಪ್ಯಾನೆಲ್‌ನ ತೂತು ಮುಚ್ಚುವುದು, ಎಲ್ಲಾ. ತೂತು ಮುಚ್ಚದಿದ್ದರೆ ಬೆಚ್ಚಗಿನ ಜಾಗ ಹುಡುಕಿ ಹಲ್ಲಿ, ಇಲಿ, ಅವುಗಳ ಹಿಂದೆ ಹಾವು ಬರುತ್ತದೆ. 11 ಕೆವಿ ಬಸ್‌ಬಾರ್ ಟ್ರಿಪ್ ಆಗಲು ಒಂದು ಹಲ್ಲಿ ಸಾಕು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಚ್‌ಟಿ ರೂಮಿಗೆ ಹೋದ ಕೂಡಲೇ ಬಾಗಿಲು ಮುಚ್ಚಿ ಲೈಟ್ ಆಫ್ ಮಾಡಿ ಒಂದು ನಿಮಿಷ ಸುಮ್ನೆ ನಿಲ್ಲಿ. ಚರ್‌ರ್ ಅಂತ ಸಣ್ಣ ಸದ್ದು, ಮೂಗಿಗೆ ಹತ್ತುವ ಓಝೋನ್ ವಾಸನೆ, ಇವೆರಡು ಬಂದರೆ ಕೇಬಲ್ ಟರ್ಮಿನೇಷನ್ ಮೇಲೆ ಉಪ್ಪು ಮತ್ತು ತೇವ ಸೇರಿ ಟ್ರ್ಯಾಕಿಂಗ್ (ಇನ್ಸುಲೇಷನ್ ಮೇಲ್ಮೈಯಲ್ಲಿ ಕರೆಂಟ್ ಹರಿದು ಸುಡುವುದು) ಶುರುವಾಗಿದೆ ಅಂತ ತಿಳಿಯಿರಿ. ಶಟ್‌ಡೌನ್ ಕೇಳುವ ಹೊತ್ತು ಅದು. ಪ್ಯಾನೆಲ್‌ಗಳ ಸ್ಪೇಸ್ ಹೀಟರ್ ಓಡುತ್ತಿದೆಯಾ ನೋಡಲು ಹೊರಗಿನ ತಗಡಿಗೆ ಅಂಗೈ ಇಟ್ಟು ನೋಡಿ, ಉಗುರು ಬೆಚ್ಚಗಿರಬೇಕು. ಬೇಸಿಗೆಯಲ್ಲಿ ಆಫ್ ಮಾಡಿದವರು ಮಳೆಗೆ ಆನ್ ಮಾಡಲು ಮರೆಯುತ್ತಾರೆ.

ಟ್ರಾನ್ಸ್‌ಫಾರ್ಮರ್ ಒಳಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಿ. ನಮ್ಮ ಜುಲೈಯಲ್ಲಿ ಅದು ಬೇಗ ತಿರುಗುತ್ತದೆ, ತಿಂಗಳ ಲೆಕ್ಕ ಇಟ್ಟು ಕಾಯಬೇಡಿ. ವರ್ಷಕ್ಕೊಮ್ಮೆ ಎಣ್ಣೆಯ ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಅನ್ನುವ) ಟೆಸ್ಟ್ ಮಾಡಿಸಿ. 2.5 ಮಿಲಿಮೀಟರ್ ಗ್ಯಾಪಿಗೆ 30 ಕೆವಿಗಿಂತ ಕೆಳಗೆ ಬಂದರೆ ಫಿಲ್ಟರ್ ಮಾಡಿಸಬೇಕು.

ಗುಡ್ಡದ ಮೇಲಿನ ಆಸ್ಪತ್ರೆಯಾದರೆ ನೆಲ ಮುರಕಲ್ಲು (ಜಂಬಿಟ್ಟಿಗೆ). ಅದಕ್ಕೆ ಅರ್ಥ್ ಸುಲಭಕ್ಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆ ಅಂತ ಬರೆದರೆ ಮೋಸ ಹೋಗುತ್ತೀರಿ. ಏಪ್ರಿಲ್ ಕೊನೆಯ ಒಣ ನೆಲದಲ್ಲಿ ಅಳೆಯಿರಿ. ನಾನು ಎಚ್‌ಟಿ ಯಾರ್ಡಿನ ಗ್ರಿಡ್ 1 ಓಮ್‌ಗಿಂತ ಕೆಳಗೆ ಇರಬೇಕು ಅಂತ ಹಿಡಿದಿದ್ದೇನೆ. ಮುಂಗಾರಿನ ಮೊದಲು ಮತ್ತು ಅಕ್ಟೋಬರಿನಲ್ಲಿ ಸಿಡಿಲು ಜಾಸ್ತಿ, ಆಗ ಲೈಟ್ನಿಂಗ್ ಅರೆಸ್ಟರಿನ ಅರ್ಥ್ ಜಾಯಿಂಟ್ ತುಕ್ಕು ಹಿಡಿದಿದೆಯಾ ಅಂತ ಎಳೆದು ನೋಡಿ. ಕಡಲ ಹತ್ತಿರ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಬೇಗ ಹೋಗುತ್ತದೆ.

ಆಯುಧ ಪೂಜೆಗೆ ಪ್ಯಾನೆಲ್ ಒರೆಸಿ ಹೂ ಹಾಕುವುದು ನಮ್ಮಲ್ಲಿ ಇದ್ದದ್ದೇ, ನಾನೂ ಹಾಕುತ್ತೇನೆ. ಹೂವು ಒಣಗಿದ್ದಿರಲಿ, ಹೊರಗಿನ ಹಿಡಿಕೆಗೆ ಮಾತ್ರ ಇರಲಿ, ನೀರು ಚಿಮುಕಿಸುವುದು ಬೇಡ, ಮರುದಿನ ತೆಗೆದುಬಿಡಿ.

ನಡುರಾತ್ರಿ ಟ್ರಿಪ್ ಆದರೆ

ಓಡಬೇಡಿ. ಡಿಜಿ ಬಂತಾ, ಐಸಿಯು ಲೋಡ್ ಹಿಡಿಯಿತಾ, ಮೊದಲು ಅದು. ಡಿಜಿ ಬರುವ ತನಕದ 10-15 ಸೆಕೆಂಡ್ ಯುಪಿಎಸ್ ನೋಡಿಕೊಳ್ಳುತ್ತದೆ. ನಂತರ ರಿಲೇ (ಫಾಲ್ಟ್ ಕಂಡು ಬ್ರೇಕರ್ ಟ್ರಿಪ್ ಮಾಡಿಸುವ ಉಪಕರಣ) ಮುಂದೆ ನಿಂತು ಏನು ತೋರಿಸುತ್ತಿದೆ ಅಂತ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಆಮೇಲೆ ರೀಸೆಟ್. ಓವರ್ ಕರೆಂಟ್ ಅಥವಾ ಅರ್ಥ್ ಫಾಲ್ಟ್ ಬಂದಿದ್ದರೆ ಕಾರಣ ಕಾಣದೆ ಆನ್ ಮಾಡಬೇಡಿ. ಬುಕೋಲ್ಜ್ (ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಗ್ಯಾಸ್ ಎದ್ದರೆ ತಿಳಿಸುವ ರಿಲೇ) ಬಂದಿದ್ದರೆ ಆನ್ ಮಾಡಲೇಬೇಡಿ, ಟ್ರಾನ್ಸ್‌ಫಾರ್ಮರ್ ಒಳಗೆ ಏನೋ ಸುಟ್ಟಿರಬಹುದು. ರಿಲೇ ಏನೂ ತೋರಿಸದೆ 11 ಕೆವಿಯೇ ಇಲ್ಲದಿದ್ದರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ, ಆಸ್ಪತ್ರೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. "ಬೇಗ ಆನ್ ಮಾಡಿ" ಅಂತ ನಾಲ್ಕು ಕಡೆಯಿಂದ ಫೋನ್ ಬರುತ್ತದೆ. ಒಬ್ಬ ಫೋನ್ ಎತ್ತಲಿ, ಇನ್ನೊಬ್ಬ ಪ್ಯಾನೆಲ್ ನೋಡಲಿ. ಎರಡೂ ಒಬ್ಬನೇ ಮಾಡಬಾರದು.

ಜೊತೆಯವನಿಗೆ ಶಾಕ್ ಹೊಡೆದರೆ ಅವನನ್ನು ಹಿಡಿದೆಳೆಯಲು ಮನಸ್ಸು ಓಡುತ್ತದೆ. ಮೊದಲು ಸಪ್ಲೈ ಕಡಿಯಿರಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಶುರು ಮಾಡಿ, ಇನ್ನೊಬ್ಬ ಕ್ಯಾಶುವಾಲಿಟಿಗೆ ಫೋನ್ ಮಾಡಲಿ. ಆಸ್ಪತ್ರೆಯ ಸಿಪಿಆರ್ ಕ್ಲಾಸು ನರ್ಸ್‌ಗಳಿಗೆ ಮಾತ್ರ ಅಂತ ಬಿಡಬೇಡಿ, ನಮ್ಮ ಹೆಸರೂ ಸೇರಿಸಲು ಹೇಳಿ.

ಶಿಫ್ಟ್ ಬದಲಾಗುವಾಗ

ಪ್ರತಿ ಶಿಫ್ಟಿನಲ್ಲಿ ಲೋಡ್, ಎಣ್ಣೆ ಬಿಸಿ, ಡೀಸೆಲ್ ಮಟ್ಟ ಎಲ್ಲರೂ ಬರೆಯುತ್ತಾರೆ. ಎಲ್ಲರೂ ಬಿಡುವುದು ಡಿಸಿ ಬ್ಯಾಟರಿ ಚಾರ್ಜರ್. ವಿಸಿಬಿ ಟ್ರಿಪ್ ಆಗುವುದು ಆ ಬ್ಯಾಟರಿಯ ಶಕ್ತಿಯಿಂದ. ಅದು ಸತ್ತಿದ್ದರೆ ರಿಲೇ ಎಷ್ಟು ಕೂಗಿದರೂ ಬ್ರೇಕರ್ ಬಿಡಿಸಿಕೊಳ್ಳುವುದಿಲ್ಲ, ಫಾಲ್ಟ್ ಉರಿಯುತ್ತಲೇ ಇರುತ್ತದೆ. ಚಾರ್ಜರ್ ಮೀಟರಿನಲ್ಲಿ ನೋಡಿದರೆ ಸಾಲದು, ಚಾರ್ಜರ್ ಒಂದು ನಿಮಿಷ ಆಫ್ ಮಾಡಿ ಬ್ಯಾಟರಿ ವೋಲ್ಟೇಜ್ ನಿಲ್ಲುತ್ತದಾ ನೋಡಿ, ಮತ್ತೆ ಆನ್ ಮಾಡಿ.

ಹೋಗುವವನು ಬರುವವನಿಗೆ ಪುಸ್ತಕ ಕೊಟ್ಟು ಹೋಗಬಾರದು. ಇಬ್ಬರೂ ಸೇರಿ ಒಂದು ಸುತ್ತು ನಡೆಯಬೇಕು. ಯಾವ ಬ್ರೇಕರ್ ಬೀಗದಲ್ಲಿದೆ, ಯಾಕಿದೆ, ಕೀ ಯಾರ ಹತ್ತಿರ, ರಾತ್ರಿ ಯಾವ ಒಟಿಯಲ್ಲಿ ಕೇಸ್ ನಡೆಯುತ್ತಿದೆ, ಇಷ್ಟನ್ನು ಬಾಯಿಬಿಟ್ಟು ಹೇಳಿ, ಕೇಳಿದವನು ತಿರುಗಿ ಹೇಳಿದ ಮೇಲೆ ಸಹಿ. ನಮ್ಮಲ್ಲಿ ಇದಕ್ಕೆ 20 ನಿಮಿಷ ಬೇಕು. ಬಸ್ ಹೋಗುತ್ತದೆ ಅನ್ನುವವರಿಗೆ ಮುಂದಿನ ಬಸ್ ಇದ್ದೇ ಇದೆ.